ಮೊದಲ ಸುತ್ತು ಕೈಯಲ್ಲೇ

ಕುಂದಾಪುರದ ಒಳನಾಡಿನಲ್ಲಿ ನಾನು ಮರ ಕಡೆಯಲು ಕಲಿತ ಕೊಟ್ಟಿಗೆಯ ಮಾಡಿನಲ್ಲಿ ಒಂದೇ ಒಂದು ಹೆಂಚು ಹೊಸದು. ಉಳಿದವೆಲ್ಲ ಪಾಚಿ ಹಿಡಿದು ಕಪ್ಪಾಗಿವೆ, ಇದೊಂದು ಇನ್ನೂ ಕೆಂಪಗಿದೆ. ಅಲ್ಲಿದ್ದ ಹಳೆಯ ಹೆಂಚನ್ನು ಒಡೆದದ್ದು ಒಂದಡಿ ಉದ್ದದ ಅಕೇಶಿಯಾ ತುಂಡು. ಹಾಗೆ ಆಗಲು ಬಿಟ್ಟವನು ನಾನು. ಲಟ್ಟಣಿಗೆ ಮಾಡಲು ಹೊರಟಿದ್ದೆ. ಮರವನ್ನು ಕಡೆಯುವ ಮಿಷನ್ನಾದ ಲೇತಿನ ಎರಡು ಮೊನೆಗಳ ನಡುವೆ ಸಿಕ್ಕಿಸಿ ಚಕ್ರ ತಿರುಗಿಸಿ ಬಿಗಿದಿದ್ದೆ. ಆದರೆ ಹಿಂದಿನ ತಲೆಯನ್ನು, ಅಂದರೆ ಟೇಲ್‌ಸ್ಟಾಕನ್ನು, ಮಿಷನ್ನಿನ ಉದ್ದ ಹಾಸಾದ ಬೆಡ್‌ಗೆ ಕಚ್ಚಿಸುವ ಹಿಡಿಯನ್ನು ಎಳೆಯಲು ಮರೆತಿದ್ದೆ. ಉಳಿ ತಾಗಿದ್ದೇ ತಡ, ಟೇಲ್‌ಸ್ಟಾಕ್ ಒಂದು ಬೆರಳಿನಷ್ಟು ಹಿಂದೆ ಜಾರಿತು. ಆಮೇಲೆ ಕೇಳಿಸಿದ್ದು ಮೇಲೆ ಹೆಂಚು ಒಡೆದ ಸದ್ದು ಮಾತ್ರ.

ನನಗೆ ಕಲಿಸುತ್ತಿದ್ದ ಆಚಾರ್ರು ಬೈಯಲಿಲ್ಲ. ಮಿಷನ್ ಆಫ್ ಮಾಡಿ, ನನ್ನ ಹಣೆ, ಕಣ್ಣು, ಕೈ ಎಲ್ಲ ನೋಡಿ, ಆಮೇಲೆ ಹೇಳಿದರು: "ಮೊದ್ಲ್ ಕೈಯಗೆ ತಿರ್ಗ್ಸಿ, ಅಲ್ಗಾಡ್ಸಿ ಕಾಣಿ ಅಂದಿದ್ದೆ ಅಲ್ದಾ? ಮೋಟಾರಿಗೆ ಎಂತ ಗೊತ್ತಾತ್ತ್ ಹೇಳಿ."

ಆ ಮಾತು ನನ್ನನ್ನು ಬಿಟ್ಟುಹೋಗಿಲ್ಲ. ಮೋಟಾರಿಗೆ ಏನೂ ಗೊತ್ತಾಗುವುದಿಲ್ಲ. ಹಿಂದಿನ ಕಾಲದ ಕಡೆತದಲ್ಲಿ ಹಾಗಿರಲಿಲ್ಲ.

ನಮ್ಮ ಭಾಷೆಯಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತೇವೆ. ಎರಡಕ್ಕೂ ಒಂದೇ ಮಾತು ಬಂದದ್ದು ಸುಮ್ಮನೆ ಅಲ್ಲ. ಅಡುಗೆಮನೆಯ ಕಂಬಕ್ಕೆ ಕಟ್ಟಿದ ಕಡಗೋಲಿಗೆ ಹಗ್ಗ ಸುತ್ತಿ ಅಜ್ಜಿ ಎಡಗೈ, ಬಲಗೈ ಎಂದು ಎಳೆಯುವಾಗ ಕಡಗೋಲು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗುತ್ತದಲ್ಲ, ಮೋಟಾರ್ ಬರುವ ಮುಂಚಿನ ಲೇತ್ ನಡೆಯುತ್ತಿದ್ದದ್ದೂ ಹಾಗೆಯೇ. ಕಡಗೋಲನ್ನು ಅಡ್ಡ ಮಲಗಿಸಿದರೆ ಅದೇ ಲೇತ್. ಒಬ್ಬ ಮರಕ್ಕೆ ಸುತ್ತಿದ ಹಗ್ಗವನ್ನು ಹಿಂದೆ ಮುಂದೆ ಎಳೆಯುತ್ತಾನೆ, ಇನ್ನೊಬ್ಬ ಉಳಿ ಹಿಡಿಯುತ್ತಾನೆ. ಈಜಿಪ್ಟಿನ ಪೆಟೊಸಿರಿಸ್ ಎಂಬಾತನ ಸಮಾಧಿಯ ಗೋಡೆಯಲ್ಲಿ ಕ್ರಿ.ಪೂ. 300ರ ಸುಮಾರಿಗೆ ಕೆತ್ತಿದ ಚಿತ್ರದಲ್ಲೂ ಇಬ್ಬರು ಹೀಗೆಯೇ ಕೆಲಸ ಮಾಡುತ್ತಿದ್ದಾರೆ. ಹಗ್ಗ ಎಳೆಯುವವನಿಗೆ ಮರ ಬಿಗಿಯಾದದ್ದು, ಉಳಿ ಕಚ್ಚಿಕೊಂಡದ್ದು, ಗಂಟು ಎದುರಾದದ್ದು ಎಲ್ಲವೂ ಕೈಗೇ ತಿಳಿಯುತ್ತಿತ್ತು. ತಿಳಿದ ಕೂಡಲೇ ಕೈ ಸಡಿಲಾಗುತ್ತಿತ್ತು, ಮರ ನಿಲ್ಲುತ್ತಿತ್ತು. ಆ ಕೈಯ ಜಾಗಕ್ಕೆ ನಾವು ಮೋಟಾರನ್ನು ತಂದೆವು. ವೇಗ ಬಂತು, ಅರಿವು ಹೋಯಿತು. ಲೇತನ್ನು ಸರಿಯಾಗಿ ಹೂಡುವುದು, ಹೊಂದಿಸುವುದು ಎನ್ನುವುದೆಲ್ಲ ಹೋದ ಆ ಅರಿವನ್ನು ಮಿಷನ್ನಿಗೆ ಮರಳಿ ಕೊಡುವ ಕೆಲಸ. ಅದು ಆಗಬೇಕಾದದ್ದು ಸ್ವಿಚ್ ಒತ್ತುವ ಮೊದಲು. ಒತ್ತಿದ ಮೇಲೆ ಸಿಗುವ ಹೊತ್ತು ಕಣ್ಣು ಮಿಟುಕಿಸುವಷ್ಟೂ ಇಲ್ಲ.

ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಎರಡೂ ಬದಿಯ ಹಳೆಯ ಮನೆಗಳನ್ನು ನೋಡಿ. ಚಾವಡಿಯ ಕಂಬ, ಕಿಟಕಿಯ ಉರುಟು ಸಲಾಕೆ, ತೊಟ್ಟಿಲಿನ ಗುಬ್ಬಿ, ಮಂಚದ ಕಾಲು, ಏಣಿಮೆಟ್ಟಿಲಿನ ಕೈಹಿಡಿ, ಇವೆಲ್ಲ ಕಡೆದವು. ಮಳೆ ನಿಂತು ಮಂದಾರ್ತಿ, ಸಾಲಿಗ್ರಾಮ, ಮಾರಣಕಟ್ಟೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಾಗ ಅವುಗಳ ಜೊತೆ ಹೋಗುವ ಮದ್ದಳೆಯ ಹಲಸಿನ ಒಡಲೂ ಕಡೆತದ ಮರವೇ. (ಉಪ್ಪಿನಕುದ್ರುವಿನ ಗೊಂಬೆಗಳ ಮುಖದ್ದು ಬೇರೆ ಕತೆ, ಅದು ಕೆತ್ತನೆ. ಒಂದೇ ಅಚ್ಚಿನ ಸುತ್ತ ಉರುಟಾಗಿ ಬರುವುದಷ್ಟೇ ಕಡೆತ.) ಈಗ ಮನೆ ಹಿಂದಿನ ಶೆಡ್ಡಿನಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಬಟ್ಟಲು, ಪೆನ್ನು, ಬುಗುರಿ ಮಾಡುವ ಹುಡುಗರೂ ಇದ್ದಾರೆ. ನಾನು ಮುಖ್ಯವಾಗಿ ಅವರನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ. ಆಚಾರ್ರ ಮಕ್ಕಳಿಗೆ ಇದು ಕಣ್ಣೆದುರೇ ನಡೆಯುವ ಪಾಠ, ಮೊಬೈಲ್ ನೋಡಿ ಕಲಿಯುವ ಹುಡುಗನ ಹಿಂದೆ ನಿಂತು ಹೇಳುವವರು ಯಾರೂ ಇಲ್ಲ.

ನೆಲದಿಂದಲೇ ಸುರುಮಾಡೋಣ. ನಮ್ಮದು ಕೆಂಪುಕಲ್ಲಿನ ಊರು. ಕೆಂಪುಕಲ್ಲಿಗೆ ತೂತು ಕೊರೆದು ಬೋಲ್ಟ್ ಹೊಡೆದರೆ ಆ ದಿನಕ್ಕೆ ಗಟ್ಟಿ. ಮಿಷನ್ ನಡುಗುತ್ತಾ ನಡುಗುತ್ತಾ ತೂತಿನ ಸುತ್ತ ಕಲ್ಲು ಹುಡಿಯಾಗಿ ತಿಂಗಳೊಳಗೆ ಬೋಲ್ಟ್ ಸಡಿಲ. ಲೇತ್ ನಿಲ್ಲುವ ಜಾಗಕ್ಕಾದರೂ ಕಾಂಕ್ರೀಟ್ ಹಾಕಿ. ಆಗದಿದ್ದರೆ ಸ್ಟ್ಯಾಂಡಿನ ಕೆಳಗೆ ಅಡ್ಡಹಲಗೆ ಬಡಿದು ಮರಳು ತುಂಬಿದ ಚೀಲ ಹೇರಿ. ನಾಲ್ಕು ಕಾಲೂ ನೆಲಕ್ಕೆ ಕೂತಿರಬೇಕು. ಒಂದು ಕಾಲು ತೇಲಿದ್ದರೆ ಬೆಡ್ ತಿರುಚುತ್ತದೆ, ಆಮೇಲೆ ನೀವು ಮೇಲೆ ಏನು ಹೊಂದಿಸಿದರೂ ನಿಲ್ಲುವುದಿಲ್ಲ. ಎತ್ತರಕ್ಕೆ ಹಳಬರ ಅಳತೆ ಸಾಕು: ಮೊಣಕೈ ಮಡಚಿ ನಿಂತಾಗ ಮರ ತಿರುಗುವ ಅಚ್ಚು ಮೊಣಕೈಯ ಸಮಕ್ಕೆ ಬರಬೇಕು.

ಕರೆಂಟಿನ ವಿಷಯಕ್ಕೆ ಇನ್ನೂ ಹೆಚ್ಚು ಗಮನ ಬೇಕು, ನಮ್ಮ ಮಳೆಗಾಲ ಅಂಥದ್ದು. ಉಳಿ ಹಿಡಿದಿರುವಾಗಲೇ ಕರೆಂಟ್ ಹೋಗುತ್ತದೆ. ನೀವು ಚಾ ಕುಡಿಯಲು ಒಳಗೆ ಹೋಗುತ್ತೀರಿ, ಬಂದು ಮರದ ಮೇಲೆ ಕೈಯಾಡಿಸಿ ಎಷ್ಟು ನುಣುಪಾಯಿತು ಎಂದು ನೋಡುತ್ತೀರಿ. ಆಗ ಕರೆಂಟ್ ಬರುತ್ತದೆ. ಸಾದಾ ಮೇಲೆ-ಕೆಳಗೆ ಸ್ವಿಚ್ಚಾದರೆ ಮಿಷನ್ ತನ್ನಷ್ಟಕ್ಕೇ ಹೊರಡುತ್ತದೆ. ಇದಕ್ಕಾಗಿಯೇ ಹಸಿರು, ಕೆಂಪು ಗುಂಡಿಗಳ ಸ್ಟಾರ್ಟರ್ ಇರುವುದು. ಅದರೊಳಗಿನ ನೋ-ವೋಲ್ಟ್ ಕಾಯಿಲ್ ಕರೆಂಟ್ ಹೋದ ಕೂಡಲೇ ಸಂಪರ್ಕ ಬಿಡಿಸುತ್ತದೆ, ನೀವು ಮತ್ತೆ ಹಸಿರು ಒತ್ತುವವರೆಗೆ ಮಿಷನ್ ಅಲುಗುವುದಿಲ್ಲ. ಹಣ ಉಳಿಸಬೇಕೆಂದರೆ ಬೇರೆಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಮೂರು ಫೇಸಿನ ಮೋಟಾರ್ ಇರುವವರು ಇನ್ನೂ ಒಂದನ್ನು ನೆನಪಿಡಬೇಕು. ಗಾಳಿಮಳೆಗೆ ಮರ ಬಿದ್ದು, ತಂತಿ ಕಡಿದು, ಲೈನ್ ಮತ್ತೆ ಜೋಡಿಸುವಾಗ ಎರಡು ಫೇಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ತೋಟದ ಪಂಪಿನಲ್ಲಿ ಹೀಗಾದರೆ ನೀರು ಸರಿಯಾಗಿ ಬರುವುದಿಲ್ಲ, ಅಷ್ಟೇ. ಲೇತಿನಲ್ಲಿ ಹೀಗಾದರೆ ತಿರುಪಿನ ಮೇಲೆ ಕೂತು ಮರ ಹಿಡಿಯುವ ಚಕ್ ಅಥವಾ ಫೇಸ್‌ಪ್ಲೇಟ್ ತಾನಾಗಿ ಬಿಚ್ಚಿಕೊಂಡು ಮರದ ಸಮೇತ ಉರುಳಿ ಬರಬಹುದು. ಲೈನ್ ರಿಪೇರಿಯಾದ ದಿನ ಚಕ್ ತೆಗೆದು, ಖಾಲಿ ಸ್ಪಿಂಡಲನ್ನು ಒಂದು ಕ್ಷಣ ಓಡಿಸಿ ದಿಕ್ಕು ನೋಡಿ. ಅದರ ಮೇಲ್ಭಾಗ ನಿಮ್ಮ ಕಡೆಗೆ ಬಂದು ಕೆಳಗಿಳಿಯಬೇಕು. ಸಂಜೆ ವೋಲ್ಟೇಜ್ ಇಳಿದಾಗಲೂ ಕೆಲಸ ನಿಲ್ಲಿಸುವುದು ಒಳ್ಳೆಯದು. ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಮೋಟಾರಿನ ಶಕ್ತಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಉಳಿ ಒತ್ತಿದಲ್ಲೇ ಮರ ನಿಂತು, ಮೋಟಾರ್ ಸುಡುತ್ತದೆ.

ಬೆಳಕಿನದ್ದು ಕಣ್ಣಿಗೆ ಆಗುವ ಮೋಸ. ನಮ್ಮ ಕರೆಂಟ್ ಸೆಕೆಂಡಿಗೆ 50 ಆವರ್ತದ್ದು, ಹಳೆಯ ಟ್ಯೂಬ್‌ಲೈಟೂ ಕೆಲವು ಅಗ್ಗದ ಎಲ್‌ಇಡಿಯೂ ಅದರಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಾಲ್ಕು ದವಡೆಯ ಚಕ್ ನಿಮಿಷಕ್ಕೆ 1500 ಸುತ್ತು ಹಾಕಿದರೆ ಸೆಕೆಂಡಿಗೆ 25 ಸುತ್ತು, ದವಡೆಗಳ ಲೆಕ್ಕದಲ್ಲಿ 100. ಒಂದೊಂದು ಮಿನುಗಿಗೂ ಒಂದೊಂದು ದವಡೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ನೋಡುವವನಿಗೆ ಚಕ್ ನಿಂತೇ ಇದೆ! ಇಲ್ಲಿ ಸಿಗುವ ಸಾಮಾನ್ಯ ಮೋಟಾರುಗಳ ವೇಗವೂ 1440ರ ಆಸುಪಾಸಿನದೇ ಎನ್ನುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆಚಾರ್ರ ಕೊಟ್ಟಿಗೆಯಲ್ಲಿ ಲೇತಿನ ನೇರ ಮೇಲೆ ಎರಡು ಗಾಜಿನ ಹೆಂಚುಗಳಿವೆ. ಮಾಡಿನಿಂದ ಇಳಿಯುವ ಬಿಸಿಲಿಗೆ ಮಿನುಗು ಇಲ್ಲ. ಅವರ ಅಪ್ಪ ಹಾಕಿಸಿದ್ದಂತೆ, ಬರೀ ಬೆಳಕಿಗೆಂದು.

ಇನ್ನು ಮಿಷನ್ನಿಗೇ ಬರೋಣ. ಮರ ಹಾಕದೆ ಟೇಲ್‌ಸ್ಟಾಕನ್ನು ತಳ್ಳಿಕೊಂಡು ಬಂದು ಎರಡೂ ಮೊನೆಗಳನ್ನು ಮುತ್ತು ಕೊಡುವಷ್ಟು ಹತ್ತಿರ ತನ್ನಿ. ಮೇಲಿನಿಂದ ನೋಡಿ, ಪಕ್ಕದಿಂದಲೂ ನೋಡಿ. ಮೊನೆಗೆ ಮೊನೆ ಕೂಡದಿದ್ದರೆ ಮರ ಒಂದು ತುದಿಯಲ್ಲಿ ಸಣ್ಣಗೆ ಕುಣಿಯುತ್ತಲೇ ಇರುತ್ತದೆ, ಮೊನೆ ಕೂತ ತೂತು ಅಗಲವಾಗುತ್ತಾ ಹೋಗುತ್ತದೆ. ಬಹಳ ಸಲ ದೋಷ ಮಿಷನ್ನಿನದಲ್ಲ, ಟೇಲ್‌ಸ್ಟಾಕಿನ ಅಡಿಯಲ್ಲಿ ಸಿಕ್ಕಿದ ಮರದ ಚಕ್ಕೆಯದ್ದು. ಒರೆಸಿ ಮತ್ತೆ ನೋಡಿ. ಮೊನೆಗಳು ಕೂರುವ ಮೋರ್ಸ್ ಟೇಪರ್ ಎನ್ನುವುದು ಬರೇ ಇಳಿಜಾರು ಕೊಳವೆ, ತಿರುಪಿಲ್ಲ, ಮೊಳೆಯಿಲ್ಲ. ಲೋಹಕ್ಕೆ ಲೋಹ ಒತ್ತಿ ಹಿಡಿಯುವುದೇ ಅದರ ಬಲ. ನಮ್ಮ ಉಪ್ಪುಗಾಳಿಗೆ ಜೂನ್‌ನಲ್ಲಿ ಬಿಟ್ಟ ಮೊನೆ ಆಗಸ್ಟ್‌ನಲ್ಲಿ ಕಂದು ಚುಕ್ಕಿ ಹಿಡಿದಿರುತ್ತದೆ. ಒಂದು ಚುಕ್ಕಿ ತುಕ್ಕಿದ್ದರೂ ಅದು ಪೂರ್ತಿ ಕೂರದೆ ಮರವನ್ನು ತಿರುಗಿಸಬೇಕಾದದ್ದು ಕೊಳವೆಯೊಳಗೇ ತಿರುಗುತ್ತದೆ. ಬೆಡ್‌ಗೆ ತೆಳುವಾಗಿ ಎಣ್ಣೆ ಸವರಿ, ಟೇಪರಿಗೆ ಮಾತ್ರ ಬೇಡ. ಅದನ್ನು ಒಣಬಟ್ಟೆಯಲ್ಲಿ ಉಜ್ಜಿ ಒಣಗಿದ್ದಂತೆಯೇ ಹಾಕಬೇಕು.

ಮರ ಆರಿಸುವಾಗಲೂ ಊರಿನ ಗುಣ ನೋಡಬೇಕು. ಹಳೆಯ ಹೆಂಚಿನ ಮನೆ ಕಳಚಿದಾಗ ಸಿಗುವ ತೊಲೆ, ಪಕಾಸಿಗಳು ಬಂಗಾರದಂಥ ಮರ, ಹಲಸೋ ಬೋಗಿಯೋ ಆಗಿರುತ್ತವೆ. ಒಳಗೆ ತಲೆಮುರಿದ ಮೊಳೆಗಳೂ ಇರುತ್ತವೆ. ಒಂದು ಅಯಸ್ಕಾಂತವನ್ನು ಉದ್ದಕ್ಕೂ ಎಳೆದು ನೋಡಿ. ಅಕೇಶಿಯಾ ಒಣಗುವಾಗ ತುದಿ ಸೀಳುತ್ತದೆ. ಕೂದಲೆಳೆಯ ಸೀಳೂ ತಿರುಗುವಾಗ ಬಾಯಿ ಬಿಡುತ್ತದೆ, ಹಾಗಾಗಿ ತುದಿ ಕಡಿದು ತೆಗೆಯಿರಿ. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಗಟ್ಟಿಮರ ಠಣ್ ಎನ್ನುತ್ತದೆ, ಒಳಸೀಳು ಇದ್ದದ್ದು ಬೊಡ್ಡು ಸದ್ದು ಕೊಡುತ್ತದೆ. ತೆಂಗಿನ ಮರದ್ದು ಇನ್ನೊಂದು ವಿಚಿತ್ರ. ಅದರ ಹೊರಸುತ್ತು ಕಬ್ಬಿಣ, ಒಳಗು ಬೆಂಡು. ಬದಿಯಿಂದ ಸೀಳಿದ ತುಂಡು ಎಷ್ಟು ಸರಿಯಾಗಿ ಉರುಟಾಗಿದ್ದರೂ ಒಂದು ಬದಿ ಭಾರ, ಒಂದು ಬದಿ ಹಗುರ. ಕಣ್ಣಿಗೆ ಸಮ, ಮಿಷನ್ನಿಗೆ ಅಲ್ಲ.

ಎರಡೂ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ನಡು ಸಿಗುತ್ತದೆ. ಚೌಕದ ಮೂಲೆಗಳನ್ನು ಮೊದಲೇ ಕೀಸುಳಿಯಲ್ಲಿ ಹೊಡೆದು ಎಂಟು ಮೂಲೆ ಮಾಡಿ, ಅರ್ಧ ಗುದ್ದು ಅಲ್ಲೇ ಕಡಿಮೆಯಾಗುತ್ತದೆ. ನಾಲ್ಕು ಹಲ್ಲಿನ ಮುಂದಿನ ಮೊನೆಯನ್ನು ಮಿಷನ್ನಿಗೆ ಹಾಕಿ ಮರವನ್ನು ಬಡಿಯಬಾರದು, ಬೇರಿಂಗ್ ಹಾಳಾಗುತ್ತದೆ. ಮೊನೆ ಹೊರತೆಗೆದು, ಮರ ನೆಲಕ್ಕೆ ನಿಲ್ಲಿಸಿ, ಕೊಡತಿಯಲ್ಲಿ ಬಡಿದು ಹಲ್ಲು ಕೂರಿಸಿ, ಆಮೇಲೆ ಒಟ್ಟಿಗೇ ಏರಿಸಿ. ಟೇಲ್‌ಸ್ಟಾಕ್ ತಳ್ಳಿ, ಅದರ ಬೆಡ್ ಲಾಕ್ ಹಾಕಿ, ಚಕ್ರ ಬಿಗಿದು, ಚಕ್ರದ ಲಾಕನ್ನೂ ಹಾಕಿ. ನಾನು ಬಿಟ್ಟದ್ದು ಇವುಗಳಲ್ಲಿ ಮೊದಲನೆಯ ಲಾಕ್. ಐದು ನಿಮಿಷ ಕಡೆದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಮೊನೆಯ ಕೆಳಗೆ ಮರ ಅದುಮಿ ಸಡಿಲಾಗಿರುತ್ತದೆ, ಮಳೆಗಾಲದ ತೇವದ ಮರವಾದರೆ ಇನ್ನೂ ಬೇಗ.

ಟೂಲ್‌ರೆಸ್ಟ್ ಎಂದರೆ ಉಳಿಯನ್ನು ಆನಿಸುವ ಕಬ್ಬಿಣದ ಕಟ್ಟೆ. ಹೊಸಬರ ಅವಘಡಗಳಲ್ಲಿ ದೊಡ್ಡ ಪಾಲು ಇದರ ಮತ್ತು ಮರದ ನಡುವಿನ ಸಂದಿನಲ್ಲೇ ಹುಟ್ಟುತ್ತದೆ ಎಂದು ನನಗೆ ಅನಿಸುತ್ತದೆ. ಆ ಸಂದು 3 ಮಿ.ಮೀ. ಇರಬೇಕು. ಯಾಕೆ ಅಷ್ಟು ಕಿರಿದು? ಉಳಿ ಒಂದು ಸನ್ನೆಗೋಲು. ಕಟ್ಟೆ ಅದರ ಆನಿಕೆ. ಹಿಡಿಯಲ್ಲಿ ನಿಮ್ಮ ಕೈ ಕಟ್ಟೆಯಿಂದ 40 ಸೆಂ.ಮೀ. ದೂರದಲ್ಲಿದೆ ಎನ್ನಿ. ಕಟ್ಟೆಯಿಂದ ಆಚೆ ಉಳಿಯ ಮೂತಿ ಚಾಚಿದಷ್ಟೂ ಮರದ ಕೈ ಮೇಲಾಗುತ್ತದೆ. ತಿರುಗುವ ಮರ ಮೂತಿಯನ್ನು 50 ಕಿಲೋ ಭಾರದಷ್ಟು ಜೋರಾಗಿ ಕೆಳಗೆ ಒತ್ತಿದರೆ, ಸಂದು 3 ಮಿ.ಮೀ. ಇದ್ದಾಗ ನಿಮ್ಮ ಕೈ ತಡೆಯಬೇಕಾದದ್ದು ಅರ್ಧ ಕಿಲೋಕ್ಕಿಂತಲೂ ಕಡಿಮೆ. ಸಂದು 24 ಮಿ.ಮೀ. ಆದರೆ ಮೂರು ಕಿಲೋ, ಎಂಟು ಪಟ್ಟು. ಅದೂ ಎಚ್ಚರಿಕೆ ಕೊಡದೆ, ಒಂದೇ ಪೆಟ್ಟಿಗೆ. ಹಿಡಿ ಮೇಲಕ್ಕೆ ಚಿಮ್ಮುತ್ತದೆ, ಮೂತಿ ಮರ ಮತ್ತು ಕಟ್ಟೆಯ ನಡುವೆ ಸಿಕ್ಕಿಬೀಳುತ್ತದೆ. ಇನ್ನೊಂದು ಕಷ್ಟವೆಂದರೆ, ಕಡೆದಂತೆಲ್ಲ ಮರ ಸಪುರವಾಗುತ್ತದೆ, ಕಟ್ಟೆ ಇದ್ದಲ್ಲೇ ಇರುತ್ತದೆ. ನೀವು ಏನೂ ಮಾಡದೆಯೇ ಸಂದು ಹಿಗ್ಗುತ್ತದೆ. ನಿಲ್ಲಿಸಿ ಹತ್ತಿರ ಮಾಡಬೇಕು, ಮತ್ತೆ ನಿಲ್ಲಿಸಿ ಮತ್ತೆ ಹತ್ತಿರ ಮಾಡಬೇಕು. ಓಡುವಾಗ ಕಟ್ಟೆಯನ್ನು ಮುಟ್ಟಲೇಬಾರದು. ಎತ್ತರ ಅಚ್ಚಿನ ಸಮಕ್ಕೆ, ಅಥವಾ ಒಂದು ನೂಲು ಮೇಲೆ. ಕಟ್ಟೆಯ ಅಂಚಿನಲ್ಲಿ ಉಳಿ ಬಡಿದ ಕಚ್ಚು ಇದ್ದರೆ ಅರದಲ್ಲಿ ಉಜ್ಜಿ ತೆಗೆಯಿರಿ, ಇಲ್ಲವಾದರೆ ಜಾರುತ್ತಿರುವ ಉಳಿ ಅಲ್ಲಿ ತಡೆದು ಮರಕ್ಕೆ ನುಗ್ಗುತ್ತದೆ. ಉಳಿಗೂ ಒಂದು ಕ್ರಮ ಉಂಟು: ಮೊದಲು ಕಟ್ಟೆಗೆ ತಾಗಬೇಕು, ಆಮೇಲೆ ಉಳಿಯ ಓರೆಬೆನ್ನು ಮರಕ್ಕೆ ಸವರಬೇಕು, ಕೊನೆಗೆ ಹಿಡಿ ಮೆಲ್ಲನೆ ಎತ್ತಿದಾಗ ಬಾಯಿ ಮರವನ್ನು ಹಿಡಿಯಬೇಕು.

ಈಗ ಆಚಾರ್ರ ಮಾತು. ಕೈಯಲ್ಲಿ ಒಂದು ಪೂರ್ತಿ ಸುತ್ತು. ಮರದ ಅತಿ ಉಬ್ಬಿದ ಮೂಲೆಯೂ ಕಟ್ಟೆಗೆ ತಾಗದೆ ದಾಟಬೇಕು. ಮರವನ್ನು ಹಿಡಿದು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಿಸಬೇಕು. ಕೈ ಬಿಟ್ಟಾಗ ಮರ ತಾನಾಗಿ ಉರುಳಿ ಒಂದೇ ಬದಿ ಕೆಳಗೆ ಬಂದು ನಿಲ್ಲುತ್ತಿದ್ದರೆ ಆ ಬದಿ ಭಾರ ಎಂದರ್ಥ. ಹಗ್ಗ ಎಳೆಯುವವನ ಕೈಗೆ ತಿಳಿಯುತ್ತಿದ್ದ ಸುದ್ದಿಯೆಲ್ಲ ಈ ಒಂದು ಸುತ್ತಿನಲ್ಲಿ ನಿಮ್ಮ ಕೈಗೆ ಬರುತ್ತದೆ.

ಭಾರದ ಬದಿಯನ್ನು ಸಣ್ಣದೆಂದು ಬಿಡಬೇಡಿ. ಅಚ್ಚಿನಿಂದ 10 ಸೆಂ.ಮೀ. ದೂರದಲ್ಲಿ ಬರೇ 100 ಗ್ರಾಂ ಹೆಚ್ಚಿದ್ದರೂ ನಿಮಿಷಕ್ಕೆ 1000 ಸುತ್ತಿನಲ್ಲಿ ಅದು 11 ಕಿಲೋ ಭಾರದಂತೆ ಹೊರಕ್ಕೆ ಎಳೆಯುತ್ತದೆ. ವೇಗ ಎರಡು ಪಟ್ಟು ಮಾಡಿದರೆ ಎಳೆತ ನಾಲ್ಕು ಪಟ್ಟು, 44 ಕಿಲೋ. ಹಾಗಾಗಿ ಒರಟು ಮರಕ್ಕೆ ಮಿಷನ್ನಿನ ಅತಿ ಕಡಿಮೆ ವೇಗ, ಉರುಟಾದ ಮೇಲಷ್ಟೇ ಹೆಚ್ಚು. ಕಡೆಯುವವರ ನಡುವೆ ಒಂದು ಲೆಕ್ಕ ಉಂಟು: ಮರದ ಅಡ್ಡಗಲವನ್ನು ಇಂಚಿನಲ್ಲಿ ಅಳೆದು ಸುತ್ತಿನ ಸಂಖ್ಯೆಯಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 3 ಇಂಚಿನ ಕಂಬಕ್ಕೆ 2000 ಸುತ್ತು ಸರಿ. ಅದೇ 2000ದಲ್ಲಿ 12 ಇಂಚಿನ ಹರಿವಾಣ ಹಾಕಿದರೆ ಅದರ ಅಂಚು ಗಂಟೆಗೆ 115 ಕಿ.ಮೀ. ವೇಗದಲ್ಲಿ ಓಡುತ್ತದೆ. ಹೆದ್ದಾರಿ 66ರಲ್ಲಿ ಅಷ್ಟು ವೇಗದ ಬಸ್ಸನ್ನು ಕಂಡರೆ ರಸ್ತೆಯಿಂದ ಇಳಿದು ನಿಲ್ಲುತ್ತೀರಿ, ಇಲ್ಲಿ ಮುಖವನ್ನು ಒಂದು ಮೊಳ ದೂರದಲ್ಲಿಟ್ಟುಕೊಂಡು ನಿಂತಿರುತ್ತೀರಿ. ಹರಿವಾಣಕ್ಕೆ 500, 600 ಸಾಕು. ವೇಗ ಬದಲಿಸಲು ಬೆಲ್ಟನ್ನು ಬೇರೆ ಪುಲ್ಲಿಗೆ ಹಾಕುವಾಗ ಮೇನ್ ಸ್ವಿಚ್ ತೆಗೆದಿರಬೇಕು. ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿಯುವವರೂ ಇದ್ದಾರೆ, ಬೇಡ. ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ತಗ್ಗಬೇಕು. ಉಳಿ ಕಚ್ಚಿಕೊಂಡಾಗ ಆ ಸಡಿಲು ಬೆಲ್ಟ್ ಕಿರ್ರೆಂದು ಜಾರಿ ಮರವನ್ನು ನಿಲ್ಲಗೊಡುತ್ತದೆ. ಇಡೀ ಮಿಷನ್ನಿನಲ್ಲಿ ಹಗ್ಗದವನ ಕೈಗೆ ಹತ್ತಿರದ್ದು ಅದೊಂದೇ.

ಮೈಮೇಲಿನದ್ದನ್ನೂ ಹೊಂದಿಸಿಕೊಳ್ಳಬೇಕು. ಹೆಗಲ ಬೈರಾಸು ಮೊಳೆಗೆ ತೂಗಲಿ, ಲುಂಗಿಯ ಬದಲು ಚಡ್ಡಿಯೋ ಪ್ಯಾಂಟೋ ಇರಲಿ. ತುಂಬುತೋಳು ಮಡಚಿ ಬಿಗಿಯಿರಿ, ಉಂಗುರ, ವಾಚು ತೆಗೆಯಿರಿ. ಕೈಗೆ ಗ್ಲೌಸ್ ಹಾಕಿದರೆ ಕ್ಷೇಮ ಎಂದು ಹೊಸಬರು ತಿಳಿಯುತ್ತಾರೆ. ಲೇತಿನ ಮುಂದೆ ಅದು ತಿರುಗುಮುರುಗು, ಗ್ಲೌಸಿನ ಒಂದು ಎಳೆ ಸಿಕ್ಕರೆ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ನನ್ನ ಮಣಿಕಟ್ಟಿನಲ್ಲಿ ಕೊಲ್ಲೂರಿನ ದಾರವಿತ್ತು. ಕಡಿಯುವ ಮನಸ್ಸಾಗಲಿಲ್ಲ. ಆಚಾರ್ರು ತಮ್ಮ ಜನಿವಾರವನ್ನು ಬನಿಯನ್ನಿನೊಳಗೆ ಸೇರಿಸಿಕೊಳ್ಳುತ್ತಲೇ ನನ್ನ ದಾರ ಬಿಚ್ಚಿ ರಟ್ಟೆಗೆ ಕಟ್ಟಿದರು. ಮುಖಕ್ಕೆ ಪಾರದರ್ಶಕ ಶೀಲ್ಡ್ ಬೇಕೇ ಬೇಕು, ಬರೀ ಕನ್ನಡಕ ಸಾಲದು. ಸ್ವಿಚ್ ಒತ್ತುವಾಗ ಮರದ ಎದುರು ನಿಲ್ಲದೆ ಮೋಟಾರಿನ ಬದಿಗೆ ಸರಿಯಿರಿ, ಮರ ಹಾರುವುದಾದರೆ ತಿರುಗುವ ಸುತ್ತಿನ ನೇರಕ್ಕೇ ಹಾರುತ್ತದೆ. "ಅಲ್ಲ್ ನಿಲ್ಲುಕಾಗ, ಇತ್ಲಾಗ್ ಬನ್ನಿ" ಎಂದು ನೋಡಲು ಬಂದ ಮಕ್ಕಳಿಗೂ ಅವರು ಹೇಳುವುದು ಅದಕ್ಕೇ.

ಹುಡಿಯ ಬಗ್ಗೆ ಎರಡೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕೊರೊನಾ ಕಾಲದ ಎನ್-95 ಮಾಸ್ಕ್ ಮನೆಯಲ್ಲಿದ್ದರೆ ಅದಕ್ಕೆ ಒಳ್ಳೆಯ ಉಪಯೋಗ ಇದು.

ಕಡೆದಾದ ಮೇಲೆ ಮರಳುಕಾಗದ ಹಿಡಿಯುವ ಮುಂಚೆ ಟೂಲ್‌ರೆಸ್ಟನ್ನು ಪೂರ್ತಿ ತೆಗೆದಿಡಿ. ಬೆರಳು ಮರಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಲು ಅಲ್ಲಿ ಏನೂ ಇರಬಾರದು. ಎಣ್ಣೆ, ಮೇಣ ಹಚ್ಚಲು ಬಟ್ಟೆ ಬೇಡ, ಕಾಗದ ಬಳಸಿ. ಬಟ್ಟೆ ಸಿಕ್ಕಿಕೊಂಡರೆ ಸುತ್ತಿಕೊಳ್ಳುತ್ತದೆ, ಬೆರಳನ್ನೂ ಒಯ್ಯುತ್ತದೆ. ಕಾಗದವಾದರೆ ಹರಿದುಹೋಗುತ್ತದೆ. ಚನ್ನಪಟ್ಟಣದ ಗೊಂಬೆಯವರು ತಿರುಗುವ ಆಲೆಮರದ ಮೇಲೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಬಣ್ಣ ಕರಗಿಸಿ ಹಿಡಿಸಿ, ಆಮೇಲೆ ಹೊಳಪಿಗೆ ಕೇದಗೆಯ ಗರಿ ಒತ್ತುವುದನ್ನು ನೋಡಿದ್ದೇನೆ. ಗರಿಯೂ ಸಿಕ್ಕರೆ ಹರಿಯುತ್ತದೆ. ಹೊಳಪು ಬರುವುದೂ, ಬೆರಳು ಉಳಿಯುವುದೂ ಒಂದೇ ಗರಿಯಿಂದ. ನಮ್ಮ ತೋಡಿನ ಬದಿಗಳಲ್ಲಿ ಕೇದಗೆಗೆ ಬರವಿಲ್ಲ. ಮುಳ್ಳಿನ ಅಂಚು ಸೀಳಿ ತೆಗೆದು, ಒಣಗಿಸಿದ ಒಂದು ಗರಿಯನ್ನು ನಾನು ಹಲಸಿನ ಲಟ್ಟಣಿಗೆಯ ಮೇಲೆ ಒತ್ತಿ ನೋಡಿದೆ. ಸಣ್ಣಗೆ ಬಿಸಿಯಾದ ಮರದಿಂದ ಹಲಸಿನ ವಾಸನೆ ಎದ್ದಿತು, ಹಳದಿ ಮೈ ಮೆಲ್ಲ ಮೆಲ್ಲನೆ ಜೇನಿನ ಬಣ್ಣಕ್ಕೆ ತಿರುಗಿತು. ಕೆಂಪು ಗುಂಡಿ ಒತ್ತಿ, ಮರ ಪೂರ್ತಿ ನಿಲ್ಲುವವರೆಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಆಚಾರ್ರು ಕಲಿಸಿದ್ದು ಹಾಗೆ.